ಅನುಮಾನ ಪಡುವ ಸಾಫ್ಟ್‌ವೇರ್ ಹುಡುಕಿ ಹೊರಟದ್ದು

ನಾನು ಸುಲಭಕ್ಕೆ ಯಾರನ್ನೂ ನಂಬುವವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಅರ್ಹತೆ ಎಂದು ಹೇಳುತ್ತಿದ್ದೇನೆ. ಮೂವತ್ತು ವರ್ಷ ಸೊಸೈಟಿಯ ದವಸದ ಗೋಡೌನಿನಲ್ಲಿ ಕೀಪರ್ ಆಗಿದ್ದವನು ನಾನು. ರಾಗಿ ಮೂಟೆ ತಂದವನು ನಕ್ಕರೆ ಮೂಟೆಯಲ್ಲಿ ಕಲ್ಲಿದೆ ಎಂದೂ, ನಗದಿದ್ದರೆ ರಾಗಿ ತೇವವಾಗಿದೆ ಎಂದೂ ತಿಳಿದುಕೊಳ್ಳುವುದು ನನ್ನ ಕರ್ತವ್ಯವಾಗಿತ್ತು. ನಿವೃತ್ತಿಯಾದ ಮೇಲೆ ಮೂಟೆಗಳು ಹೋದವು, ಕರ್ತವ್ಯ ಉಳಿಯಿತು. ಅದನ್ನು ಮನೆಯವರ ಮೇಲೆ ನಡೆಸಿಕೊಂಡು ಬಂದೆ.

ಆದ್ದರಿಂದ ಕೊಯಮತ್ತೂರಿನ ಡಾಕ್ಟರೊಬ್ಬರಿಂದ ತಮಿಳುನಾಡಿಗೆ ಸೇರಿದ ಗೆಟ್ಟವಾಡಿಯ ನಮ್ಮ ಮನೆಗೆ ಆ ಕಾಗದ ಬಂದಾಗ, ಈ ಕೆಲಸಕ್ಕೆ ಇಡೀ ತಾಳವಾಡಿ ಬೆಟ್ಟದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದುಕೊಂಡೆ.

ಕಾಗದದ ವಿಷಯ ತಿಳಿಯಬೇಕಾದರೆ ನಮ್ಮಪ್ಪನ ವಿಷಯ ಮೊದಲು ಹೇಳಬೇಕು. ಅಪ್ಪ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಆ ದೊರೆ ಫ್ರೀಮೇಸನ್ ಎಂಬ ಸಂಘಕ್ಕೆ ಸೇರಿದ್ದನಂತೆ. ಬಾಗಿಲು ಹಾಕಿಕೊಂಡು ಸಭೆ ನಡೆಸುವವರು, ಒಬ್ಬರ ಕೈಯನ್ನೊಬ್ಬರು ಏನೋ ಗುಟ್ಟಿನ ರೀತಿಯಲ್ಲಿ ಕುಲುಕುವವರು, ಎದೆಯ ಮೇಲೆ ಬಣ್ಣದ ರಿಬ್ಬನ್ನಿಗೆ ಪದಕ ತೂಗುಹಾಕಿಕೊಳ್ಳುವವರು. ನಮ್ಮ ದೊರೆಗೆ ಆ ಪದಕಗಳನ್ನು ಕೂಡಿಡುವ ಹುಚ್ಚು. ತನ್ನವು ಸಾಲದೆಂದು ಸತ್ತವರದ್ದು, ದೇಶ ಬಿಟ್ಟು ಹೋದವರದ್ದು ಎಲ್ಲ ಸೇರಿಸಿಕೊಂಡಿದ್ದ. ಕೊನೆಗೆ ತೋಟ ಮಾರಿ ವಿಲಾಯಿತಿಗೆ ಹೊರಡುವಾಗ ಟ್ರಂಕನ್ನು ಅಪ್ಪನಿಗೆ ಒಪ್ಪಿಸಿ, ಸಂಘದವರು ಯಾರಾದರೂ ಬಂದು ಕೇಳಿದರೆ ಎಣಿಸಿ ಕೊಡು, ಅರವತ್ತಿವೆ ಎಂದು ಚೀಟಿ ಬರೆದುಕೊಟ್ಟು ಹೋದ. ಯಾರೂ ಬಂದು ಕೇಳಲಿಲ್ಲ. ಅಪ್ಪ ಮಾತ್ರ ಇರುವಷ್ಟು ದಿನವೂ ವರ್ಷಕ್ಕೊಂದು ಸಲ ಆ ಟ್ರಂಕನ್ನು ಅಟ್ಟದಿಂದ ಇಳಿಸಿ, ಒರೆಸಿ, ಬಿಸಿಲು ತೋರಿಸಿ ಮತ್ತೆ ಮೇಲಿಡುತ್ತಿದ್ದರು. ಹೋಗುವ ಮುಂಚೆ ನನ್ನ ಕೈ ಹಿಡಿದು ಅವರು ಮಾತಾಡಿದ್ದು ಜಮೀನಿನ ಬಗ್ಗೆಯಲ್ಲ.

"ಅರವತ್ತು ಕಣ್ಲಾ. ಒಂದು ಕಮ್ಮಿಯಾದ್ರೂ ನನ್ ಎಸ್ರು ಓಯ್ತದೆ."

ಡಾಕ್ಟರು ಬರೆದದ್ದು ಇಷ್ಟು. ತಾವು ಆ ಸಂಘದವರು. ಹಳೆಯ ಕಡತದಲ್ಲಿ ಟ್ರಂಕಿನ ಸುದ್ದಿ ಸಿಕ್ಕಿತು. ಎರಡು ತಿಂಗಳು ಬಿಟ್ಟು ಬಂದು ಪದಕಗಳನ್ನು ತೆಗೆದುಕೊಂಡು ಹೋಗಿ ತಮ್ಮ ಸಭಾಂಗಣದಲ್ಲಿ ಗಾಜಿನ ಬೀರುವಿನಲ್ಲಿಡುತ್ತಾರೆ. ಬೀರುವಿನ ಮೇಲೆ, ಇವನ್ನು ಕಾಪಾಡಿಕೊಟ್ಟವರು ಎಂದು ನಮ್ಮಪ್ಪನ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸುತ್ತಾರೆ. ಅಷ್ಟರಲ್ಲಿ ಒಂದೊಂದು ಪದಕದ ಗುರುತೂ ಇರುವ ಪಟ್ಟಿಯೊಂದನ್ನು ನಾನು ಮಾಡಿಡಬೇಕು. ಅದು ಕಂಪ್ಯೂಟರಿನಲ್ಲಿದ್ದರೆ ಅನುಕೂಲ.

ಅಪ್ಪನ ಹೆಸರು ಹಿತ್ತಾಳೆಯಲ್ಲಿ! ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಚಾಮರಾಜನಗರದಲ್ಲಿ ಮುಚ್ಚಿಹೋಗುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಒಂದು ಹಳೇ ಕಂಪ್ಯೂಟರ್ ಕೊಂಡು, ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೇಟು ತೆಗೆದು, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದೆ. ಸರ್ವೀಸಿನ ಕೊನೆಯಲ್ಲಿ ಸೊಸೈಟಿಗೂ ಕಂಪ್ಯೂಟರ್ ಬಂದಿದ್ದರಿಂದ ಕನ್ನಡದಲ್ಲಿ ಬಡಿಯುವುದಕ್ಕೆ ನನಗೆ ಬರುತ್ತಿತ್ತು. ನನ್ನ ಹೆಂಡತಿ ನಾಗಮಣಿ ಅದನ್ನು ಸುತ್ತ ನೋಡಿ, ಅರವತ್ತು ಸಾಮಾನಿಗೆ ಒಂದು ನೋಟ್‌ಬುಕ್ ಸಾಕಾಗಿತ್ತು ಎಂದಳು. ನೋಟ್‌ಬುಕ್ಕಿನ ಹಾಳೆಯನ್ನು ಹರಿಯಬಹುದು, ಬರೆದದ್ದನ್ನು ಅಳಿಸಬಹುದು ಎಂದೆ. ಯಾರು ಹರಿಯುತ್ತಾರೆ ಎಂದು ಕೇಳಿದಳು. ನಾನು ಅವಳನ್ನೇ ನೋಡಿದೆ. ಅವಳು ಒಳಗೆ ಹೋದಳು.

ಇನ್ನು ಬೇಕಾಗಿದ್ದದ್ದು ಸಾಫ್ಟ್‌ವೇರ್. ತಾಳವಾಡಿ ಬಸ್‌ಸ್ಟ್ಯಾಂಡಿನ ಎದುರು ಸೆಲ್ವಂ ಎಂಬಾತ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಒಳ್ಳೆಯವನು, ಎರಡು ಮಕ್ಕಳ ತಂದೆ, ತಾಳ್ಮೆಯವನು. ಅಷ್ಟು ತಾಳ್ಮೆ ಇರುವವನ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ಮೊದಲ ದಿನವೇ ತೀರ್ಮಾನಿಸಿದೆ. ಪಟ್ಟಿ ಇಡುವ ಸಾಫ್ಟ್‌ವೇರಿಗೆ ಡೇಟಾಬೇಸ್ ಅನ್ನುತ್ತಾರೆ, ಅದರಲ್ಲಿ ಬೇಕಾದಷ್ಟು ಬಗೆ ಇವೆ, ಒಂದೊಂದಾಗಿ ತೋರಿಸುತ್ತೇನೆ ಎಂದ.

ಮೊದಲು ತೋರಿಸಿದ್ದು ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಸಿ.ಡಿ.ಯಲ್ಲಿದ್ದದ್ದು. ಪುಕ್ಕಟೆ ಎಂದ ಕೂಡಲೇ ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಎಲ್ಲಿಯೋ ಇರುವ ಒಬ್ಬ ಮಹಾನುಭಾವ ಗೆಟ್ಟವಾಡಿಯ ನನಗೆ ಸುಮ್ಮಸುಮ್ಮನೆ ಸಾಫ್ಟ್‌ವೇರ್ ಏಕೆ ಕೊಡಬೇಕು? ಸೆಲ್ವಂ, ಎಲ್ಲರಿಗೂ ಪುಕ್ಕಟೆ ಎಂದ. ಹಾಗಾದರೆ ಇನ್ನೂ ಕೆಟ್ಟದ್ದು ಎಂದೆ. ಆದರೂ ನ್ಯಾಯವಾಗಿ ನಡೆದುಕೊಳ್ಳಬೇಕಲ್ಲ ಎಂದು ಸದರಿ ಸಾಫ್ಟ್‌ವೇರಿಗೆ ಒಂದು ಪರೀಕ್ಷೆ ಇಟ್ಟೆ. ಪದಕದ ಹೆಸರು: ಕೋಡುಬಳೆ. ಲೋಹ: ಅಕ್ಕಿಹಿಟ್ಟು. ರಿಬ್ಬನ್ನಿನ ಬಣ್ಣ: ಖಾರ. ಒತ್ತಿದೆ. ಅದು ಕ್ಷಣವೂ ಯೋಚಿಸದೆ, ಯಶಸ್ವಿಯಾಗಿ ಸೇರಿಸಲಾಗಿದೆ ಎಂದಿತು. ಕೋಡುಬಳೆಯನ್ನು ಪದಕ ಎಂದು ನಂಬುವ ಸಾಫ್ಟ್‌ವೇರು ನಾಳೆ ಕಳ್ಳನನ್ನು ನಾನು ಎಂದು ನಂಬುವುದಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ? ಅದು ಬೇಡ ಎಂದೆ.

ಎರಡನೆಯದು ನಾಣ್ಯ, ಪದಕ ಕೂಡಿಡುವವರಿಗೆಂದೇ ಹೊರದೇಶದಲ್ಲಿ ಮಾಡಿದ್ದು. ನೋಡುವುದಕ್ಕೆ ಬಹಳ ಚೆಂದ. ಆದರೆ ಬಾಗಿಲಲ್ಲೇ ನಿಲ್ಲಿಸಿ ನನ್ನ ಹೆಸರು, ಊರು, ವಿಳಾಸ ಕೇಳಿತು. ಪರೀಕ್ಷೆ ಮಾಡಲು ಬಂದವನು ನಾನು, ವಿಚಾರಣೆ ನಡೆಯುತ್ತಿರುವುದು ನನ್ನದು! ಎಲ್ಲಕ್ಕೂ ಸೆಲ್ವಂನ ಹೆಸರು ಕೊಟ್ಟು ಒಳಗೆ ಹೋದೆ. ಪದಕದ ಹೆಸರು ಕೇಳಿತು, ಸರಿ. ಯಾವ ಲೋಹ ಎಂದಿತು, ಸರಿ. ಬೆಲೆ ಎಷ್ಟಾದೀತು ಎಂದಿತು. ನನ್ನ ಕಿವಿ ನಿಮಿರಿತು. ಕೊನೆಯಲ್ಲಿ, ಮನೆಯಲ್ಲಿ ಎಲ್ಲಿಟ್ಟಿದ್ದೀರಿ, ಯಾವ ಕೋಣೆ, ಯಾವ ಕಪಾಟು ಎಂದು ಕೇಳಿತು. ಇಂಟರ್ನೆಟ್ಟಿನ ತಂತಿ ಸಿಕ್ಕಿಸಿರುವ ಕಂಪ್ಯೂಟರಿನಲ್ಲಿ ಕೂತು, ಅಟ್ಟದ ಮೇಲೆ ಕುಂಬಳಕಾಯಿಯ ಪಕ್ಕ ಎಂದು ಬರೆಯಲು ನಾನೇನು ಹುಚ್ಚನೇ? ಬಗ್ಗಿ ಗೋಡೆಯ ಪ್ಲಗ್ಗನ್ನೇ ಕಿತ್ತೆ. ಸೆಂಟರಿನ ನಾಲ್ಕು ಕಂಪ್ಯೂಟರೂ ಒಟ್ಟಿಗೆ ಆರಿದವು. ಪಂಚಾಯ್ತಿಯ ಅರ್ಜಿ ತುಂಬುತ್ತಿದ್ದ ಇಬ್ಬರು ತಮಿಳಿನಲ್ಲಿ ಏನೋ ಅಂದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೂರನೆಯದು ಸೆಲ್ವಂ ತಾನೇ ಒಂದು ಗೊಬ್ಬರ, ಕೀಟನಾಶಕದ ಅಂಗಡಿಗೆ ಮಾಡಿಕೊಟ್ಟಿದ್ದ ಸ್ಟಾಕ್ ಪಟ್ಟಿ. ನಮ್ಮೂರಿನದು, ಕಣ್ಣೆದುರು ಮಾಡಿದ್ದು. ಸ್ವಲ್ಪ ಧೈರ್ಯ ಬಂತು. ಆದರೆ ಅದರಲ್ಲಿ ಅವಧಿ ಮುಗಿಯುವ ದಿನಾಂಕ ಹಾಕದಿದ್ದರೆ ಮುಂದಕ್ಕೇ ಹೋಗುತ್ತಿರಲಿಲ್ಲ. ತ್ರಿಕೋನದೊಳಗೆ ಕಣ್ಣು ಬರೆದಿದ್ದ ಪದಕಕ್ಕೆ ಎರಡು ವರ್ಷ ಆಯಸ್ಸು ಕೊಟ್ಟು ನೋಡಿದೆ. ಅಚ್ಚಾಗಿ ಬಂದ ಕಾಗದದಲ್ಲಿ ಪದಕದ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ, ವಿಷ, ಸಿಂಪಡಿಸಿದ ಮೇಲೆ ಕೈ ತೊಳೆದುಕೊಳ್ಳಿ ಎಂದಿತ್ತು. ಕೊಯಮತ್ತೂರಿನ ಸಭಾಂಗಣದಲ್ಲಿ ಅಪ್ಪನ ಹೆಸರಿನ ಪಕ್ಕ ಇದು ಶೋಭಿಸುವುದಿಲ್ಲ ಎಂದು ಎದ್ದು ಬಂದೆ.

ಹೀಗೆ ಐದು ವಾರ ಕಳೆಯಿತು. ಸೆಲ್ವಂ ಒಂದು ದಿನ ಸೋತ ದನಿಯಲ್ಲಿ, ನಿಮಗೆ ಎಂಥದ್ದು ಬೇಕು ಹೇಳಿ ಸಾರ್ ಎಂದು ಕೇಳಿದ. ಹೇಳಿದ್ದನ್ನೆಲ್ಲ ನಂಬುವ ಸಾಫ್ಟ್‌ವೇರ್ ನನಗೆ ಬೇಡ, ಅನುಮಾನ ಪಡುವಂಥದ್ದು ಬೇಕು ಎಂದೆ. ಅವನು ನಾಲ್ಕನೆಯದನ್ನು ತೆಗೆದ. ಅದರಲ್ಲಿ ಕಲಂಗಳನ್ನು ನಾವೇ ಮಾಡಿಕೊಂಡು, ಯಾವ ಕಲಮ್ಮಿಗೆ ಏನು ಬಂದರೆ ಸೇರಿಸಬೇಕು, ಏನು ಬಂದರೆ ಒದ್ದೋಡಿಸಬೇಕು ಎಂದು ನಿಯಮ ಹಾಕಬಹುದಂತೆ. ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

ಇಬ್ಬರೂ ಕೂತು ನಿಯಮಾವಳಿ ರಚಿಸಿದೆವು. ಲೋಹ ಎಂದರೆ ಚಿನ್ನದ ನೀರು, ಬೆಳ್ಳಿ, ಹಿತ್ತಾಳೆ, ತಾಮ್ರ, ಈ ನಾಲ್ಕೇ. ಡಬ್ಬಿ ಒಂದರಿಂದ ಐದು, ಏಕೆಂದರೆ ಟ್ರಂಕಿನೊಳಗೆ ಪದಕಗಳಿದ್ದದ್ದು ಐದು ತಗಡಿನ ಡಬ್ಬಿಗಳಲ್ಲಿ, ಒಂದೊಂದರಲ್ಲಿ ಒಂದೊಂದು ಲೆಕ್ಕ. ಡಬ್ಬಿಯೊಳಗಿನ ಸಂಖ್ಯೆಯ ಕಲಮ್ಮಿಗೆ ಅಂಕಿ ಬಿಟ್ಟು ಬೇರೆ ಏನು ಬಂದರೂ ಪ್ರವೇಶವಿಲ್ಲ. ತಪ್ಪು ಬಂದಾಗಲೆಲ್ಲ ನಿಲ್ಲಿಸಿ ನಿಮ್ಮನ್ನು ಕೇಳಲಿ ತಾನೇ ಎಂದು ಸೆಲ್ವಂ ಕೇಳಿದ. ಕೂಡದು ಎಂದೆ. ಕೇಳಿದರೆ ತಪ್ಪು ಮಾಡಿದವನು ಎಚ್ಚೆತ್ತು ತಿದ್ದಿಕೊಂಡುಬಿಡುತ್ತಾನೆ. ಸದ್ದಿಲ್ಲದೆ ಹಿಡಿದು ಪ್ರತ್ಯೇಕ ಕೋಣೆಗೆ ಹಾಕಬೇಕು. ಸೆಲ್ವಂ ತಿರಸ್ಕೃತ ಎಂಬ ಹೆಸರಿನ ಒಂದು ಕೋಣೆ ಮಾಡಿ, ಪಾಸ್‌ವರ್ಡ್ ಎಂಬ ಬೀಗ ಹಾಕಿಕೊಟ್ಟ. ಕೋಡುಬಳೆ ಹಾಕಿ ನೋಡಿದೆ. ಸದ್ದಿಲ್ಲದೆ ಹಿಡಿಯಿತು. ಇಷ್ಟು ವರ್ಷದಲ್ಲಿ ನನ್ನಂಥದ್ದೇ ಸ್ವಭಾವದ ಇನ್ನೊಂದು ಜೀವವನ್ನು ನಾನು ಕಂಡದ್ದು ಅದೇ ಮೊದಲು.

ಪಟ್ಟಿ ಬರೆಯುವ ದಿನ ಸಾಕ್ಷಿಗೆಂದು ನಾಗಮಣಿಯ ತಮ್ಮ ಶಿವಮಲ್ಲುವನ್ನು ಪಣಕಹಳ್ಳಿಯಿಂದ ಕರೆಸಿದೆ. ಬೇಸಾಯಗಾರ, ಮಾತು ಕಡಿಮೆ. ಮಾತು ಕಡಿಮೆ ಇರುವವರ ತಲೆಯಲ್ಲಿ ಏನೋ ಓಡುತ್ತಿರುತ್ತದೆ ಎಂಬುದು ನನ್ನ ಅನುಭವ. ನಡುಮನೆಯಲ್ಲಿ ಟ್ರಂಕ್ ಇಳಿಸಿದೆವು. ಡಬ್ಬಿ ತೆರೆದರೆ ಮೂಲೆಮಟ್ಟ, ಕೈವಾರ, ತೂಗುಗುಂಡು, ಕರಣೆ, ಹೀಗೆ ಗಾರೆ ಮೇಸ್ತ್ರಿಯ ಸಾಮಾನೆಲ್ಲ ಸಂಘದ ಗುರುತುಗಳಾಗಿ ಬೆಳ್ಳಿಯಲ್ಲಿ ಹುಟ್ಟಿಬಂದ ಹಾಗಿತ್ತು. ನಾಗಮಣಿ ಒಂದೊಂದನ್ನೇ ಎತ್ತಿ, ಕಣದಲ್ಲಿ ರಾಗಿ ಅಳೆಯುವ ಗತ್ತಿನಲ್ಲಿ ಎಣಿಕೆ ಕೂಗಿ, ಗುರುತು ಹೇಳುತ್ತಿದ್ದಳು. ನಾನು ಅವಳು ಹೇಳಿದ್ದನ್ನು ಹೇಳಿದ ಹಾಗೇ ಕಂಪ್ಯೂಟರಿಗೆ ಬಡಿಯುತ್ತಿದ್ದೆ. ಶಿವಮಲ್ಲು ಪದಕವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಇಡುತ್ತಿದ್ದ. ಒಂದು ಡಬ್ಬಿ ಮುಗಿದರೆ ಇನ್ನೊಂದು ಡಬ್ಬಿಗೆ ಮೊದಲಿನಿಂದ ಎಣಿಕೆ. ಮೊದಲು ಎಲ್ಲವನ್ನೂ ಸಾದಾ ಫೈಲಿನಲ್ಲಿ ಬಡಿದಿಟ್ಟು, ಆಮೇಲೆ ಒಟ್ಟಿಗೆ ಡೇಟಾಬೇಸಿಗೆ ಸುರಿಯಬೇಕೆಂದು ಸೆಲ್ವಂ ಹೇಳಿಕೊಟ್ಟಿದ್ದ.

ಐದನೆಯ ಡಬ್ಬಿ ಮುಗಿದು ಫೈಲನ್ನು ಉಳಿಸುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಕರೆಂಟ್ ಬರುವ ತನಕ ಟ್ರಂಕನ್ನು ತೆರೆದಿಡುವುದುಂಟೇ? ಹುರಿ ಸುತ್ತಿ, ಗಂಟಿನ ಮೇಲೆ ಅರಗು ಕರಗಿಸಿ ಸುರಿದು, ಗೋಡೌನಿನ ಪದ್ಧತಿಯಂತೆ ಮೂವರೂ ಹೆಬ್ಬೆಟ್ಟು ಒತ್ತಬೇಕೆಂದು ಆಜ್ಞೆ ಮಾಡಿದೆ. ಅರಗು ಇನ್ನೂ ಕುದಿಯುತ್ತಿತ್ತು. ನಾಗಮಣಿ, ಸ್ವಲ್ಪ ಆರಲಿ ಎಂದಳು. ಆರಿಸುವ ನೆಪದಲ್ಲಿ ಏನಾದರೂ ನಡೆಯಬಹುದೆಂದು ಮೊದಲು ನಾನೇ ಒತ್ತಿದೆ. ಹೆಬ್ಬೆರಳಿನ ಚರ್ಮ ಅರಗಿನಲ್ಲೇ ಉಳಿಯಿತು. ಅವರಿಬ್ಬರು ಅರಗು ಸ್ವಲ್ಪ ಆರಿದ ಮೇಲೆ ಒತ್ತಿದರು. ಇನ್ನು ಡಾಕ್ಟರು ಬರುವವರೆಗೆ ಮೂವರಲ್ಲಿ ಯಾರೊಬ್ಬರೂ ಈ ಟ್ರಂಕನ್ನು ಮುಟ್ಟುವ ಹಾಗಿಲ್ಲ ಎಂದು ಘೋಷಿಸಿದೆ.

ಮಧ್ಯಾಹ್ನ ಶಿವಮಲ್ಲು ಬಸ್ಸಿಗೆ ಹೋದ ಮೇಲೆ ಕರೆಂಟ್ ಬಂತು. ಫೈಲನ್ನು ಡೇಟಾಬೇಸಿಗೆ ಸುರಿದೆ. ಸುರಿದಾದ ಮೇಲೆ ಆ ಫೈಲನ್ನು ಅಳಿಸಿಹಾಕಿದೆ. ಒಂದೇ ವಿಷಯದ ಎರಡು ದಾಖಲೆ ಇದ್ದರೆ ತಿದ್ದುವವರಿಗೆ ದಾರಿ ಮಾಡಿಕೊಟ್ಟ ಹಾಗೆ. ಸಾಫ್ಟ್‌ವೇರ್ ತನ್ನದೇ ಕ್ರಮಸಂಖ್ಯೆ ಹಾಕಿ, ರಿಬ್ಬನ್ನಿನ ಬಣ್ಣದ ಪ್ರಕಾರ ಸೊಗಸಾಗಿ ಜೋಡಿಸಿಕೊಟ್ಟಿತು. ಹೆಮ್ಮೆಯಿಂದ ಒಟ್ಟು ಎಂಬ ಗುಂಡಿ ಒತ್ತಿದೆ.

ಐವತ್ತೈದು.

ಮತ್ತೆ ಒತ್ತಿದೆ. ಐವತ್ತೈದು. ಕಂಪ್ಯೂಟರನ್ನು ಆರಿಸಿ, ನೀರು ಕುಡಿದು, ಹಚ್ಚಿ ಒತ್ತಿದೆ. ಅಷ್ಟೇ. ತಿರಸ್ಕೃತ ಕೋಣೆಯನ್ನು ತೆರೆದು ನೋಡಬೇಕೆಂದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಅದಿದ್ದದ್ದು ತಪ್ಪು ಮಾಡುವವರಿಗೆ. ಬಡಿದವನು ನಾನೇ ಆದ್ದರಿಂದ ಅದರಲ್ಲಿ ಏನೂ ಇರಲು ಸಾಧ್ಯವಿರಲಿಲ್ಲ.

ನಾಗಮಣಿಯನ್ನು ಕರೆದು, ಎಷ್ಟಿದ್ದವು ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದೆ.

"ಅರವತ್ತೂ ಅವೆ ಕಣಿ. ನನ್ ಕೈಲೇ ಎಣ್ಸಿವ್ನಿ."

ಎಷ್ಟು ಖಂಡಿತವಾಗಿ ಹೇಳಿದಳೆಂದರೆ, ಅನುಮಾನ ಅಲ್ಲೇ ಗಟ್ಟಿಯಾಯಿತು. ಹೆಂಡತಿ ಒಂದು ಹೇಳುತ್ತಾಳೆ, ಯಂತ್ರ ಒಂದು ಹೇಳುತ್ತದೆ. ಯಂತ್ರಕ್ಕೆ ತಮ್ಮನಿಲ್ಲ. ಸೀಲು ಒಡೆದು ಎಣಿಸೋಣವೆಂದರೆ ಮೂವರೂ ಸೇರಬೇಕು, ಸೇರಿಸಿದರೆ ಕಳ್ಳನಿಗೆ ಸುಳಿವು ಸಿಗುತ್ತದೆ. ನಾನೊಬ್ಬನೇ ಒಡೆದರೆ ಕಳ್ಳ ನಾನೇ ಆಗುತ್ತೇನೆ. ನಾನು ಹಾಕಿದ ಸೀಲಿನ ಹೊರಗೆ ನಾನೇ ನಿಂತಿದ್ದೆ.

ಗುಪ್ತ ತನಿಖೆ ಶುರುವಾಯಿತು. ನಾಗಮಣಿ ಹೊಲಕ್ಕೆ ಹೋದಾಗ ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ, ಸೀರೆಯ ಮಡಿಕೆ ಎಲ್ಲ ಶೋಧಿಸಿದೆ. ನಾಲ್ಕು ತಿಂಗಳ ಹಿಂದೆ ಕಳೆದುಹೋಗಿದ್ದ ನನ್ನ ಕನ್ನಡಕ ಸಿಕ್ಕಿತು. ಆದರೆ ಅದನ್ನು ಹಾಕಿಕೊಂಡರೆ ಎಲ್ಲಿ ಸಿಕ್ಕಿತು ಎಂದು ಹೇಳಬೇಕಾಗುತ್ತದೆಂದು ಅಲ್ಲೇ ಬಿಟ್ಟೆ.

ಮಾರನೆಯ ದಿನ ಹೇಳದೆ ಕೇಳದೆ ಪಣಕಹಳ್ಳಿಗೆ ಹೋದೆ. ಶಿವಮಲ್ಲುವಿನ ಮನೆ ಮುಂದೆ ಎತ್ತು ಕಟ್ಟಿತ್ತು. ಅದರ ಹಣೆಯಲ್ಲಿ ದಾರಕ್ಕೆ ಕಟ್ಟಿದ ದುಂಡನೆಯ ಬೆಳ್ಳಿಯಂಥ ಬಿಲ್ಲೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಎಂಥ ಧೈರ್ಯ! ಕದ್ದ ಮಾಲನ್ನು ಎತ್ತಿನ ಹಣೆಗೇ ಕಟ್ಟಿದ್ದಾನೆ! ಹತ್ತಿರದಿಂದ ನೋಡಬೇಕಲ್ಲ, ಎಡಗೈಯಿಂದ ಎತ್ತಿನ ಕೊರಳು ತಬ್ಬಿ ಬಲಗೈಯಿಂದ ಬಿಲ್ಲೆಯನ್ನು ತಿರುಗಿಸಿದೆ. ಅದು ರಾತ್ರಿ ಕಾಡುಹಂದಿ ಬಾರದಂತೆ ಹೊಲ ಕಾಯುವವರ ಟಾರ್ಚಿನೊಳಗಿನ ಹೊಳೆಯುವ ಬಟ್ಟಲು. ಅಷ್ಟರಲ್ಲಿ ಎತ್ತು ತಲೆ ಒದರಿತು. ನಾನು ಕೊರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಶಿವಮಲ್ಲು ಹೊರಗೆ ಬಂದ.

"ಏನ್ ಬಾವ, ಎತ್ತ ತಬ್ಕಂಡು ನಿಂತ್ಕಂಡಿದ್ದರಿ?"

ನೋಡಿ ಬಹಳ ದಿನವಾಗಿತ್ತು ಎಂದೆ. ತನ್ನನ್ನೋ ಎತ್ತನ್ನೋ ಎಂದು ಅವನು ಕೇಳಲಿಲ್ಲ. ನನ್ನನ್ನು ಬಿಡಿಸಿ, ಕೂರಿಸಿ, ಮಜ್ಜಿಗೆ ಕೊಟ್ಟು, ಬಸ್ಸು ಹತ್ತಿಸಿದ. ಹೋಗುವಾಗ ಒಂದು ಚೀಲ ಬೀನ್ಸನ್ನೂ ಕೈಗಿಟ್ಟ. ಬಸ್ಸಿನಲ್ಲಿ ಚೀಲವನ್ನು ಬುಡದ ತನಕ ಕೈಯಾಡಿಸಿ ನೋಡಿದೆ. ಬೀನ್ಸೇ ಇತ್ತು.

ಹೆಂಡತಿಯಲ್ಲ, ಭಾವಮೈದನಲ್ಲ. ಸೆಲ್ವಂ ಪದಕಗಳನ್ನು ಕಣ್ಣಿನಿಂದಲೂ ನೋಡಿಲ್ಲ. ಹಾಗಾದರೆ ಮೊದಲಿನಿಂದಲೇ ಐವತ್ತೈದು ಇದ್ದವೇ? ಈ ಪ್ರಶ್ನೆ ಬಂದಾಗ ನಾನು ಹಿತ್ತಲಲ್ಲಿ ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುತ್ತಿದ್ದೆ. ಕೈ ಕೊರಳಿಗೆ ಹೋಯಿತು. ನಾನು ಧರಿಸಿರುವ ಲಿಂಗದ ಕರಡಿಗೆ ಅಪ್ಪನದು. ಒಳ್ಳೆಯ ಬೆಳ್ಳಿಯದು. ರೈಟರ್ ಸಂಬಳದಲ್ಲಿ ಇಷ್ಟು ಬೆಳ್ಳಿ ಅಪ್ಪನಿಗೆ ಎಲ್ಲಿಂದ ಬಂತು? ಐದು ಪದಕ ಕರಗಿಸಿದರೆ ಹೆಚ್ಚುಕಡಿಮೆ ಇಷ್ಟೇ ಆಗುತ್ತದಲ್ಲವೇ? ಕರಡಿಗೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದೆ. ನಿಜವಾಗಿ ತೂಗಿ ನೋಡಿದೆ! ಐದು ಪದಕಕ್ಕೆ ಸರಿಹೋಗುವಷ್ಟಿದೆ ಎಂದು ಅನ್ನಿಸಿಯೂ ಅನ್ನಿಸಿತು. ಅದನ್ನು ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ. ವರ್ಷವರ್ಷವೂ ಪರರ ಸೊತ್ತಿಗೆ ಬಿಸಿಲು ತೋರಿಸಿ ಕಾಪಾಡಿದ ಮನುಷ್ಯನನ್ನು, ಸತ್ತು ಎಷ್ಟೋ ವರ್ಷವಾದ ಮೇಲೆ, ಮಗನಾದ ನಾನೇ ಹಿತ್ತಲಲ್ಲಿ ನಿಂತು ಕಳ್ಳನನ್ನಾಗಿ ಮಾಡಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನನ್ನೂ ದೇವರನ್ನೂ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಬಂದು ಎಣಿಸಿ ಕಡಿಮೆ ಬಂದರೆ ನನ್ನನ್ನೇ ಹಿಡಿದುಕೊಂಡಾರು ಎಂಬ ಮುಂಜಾಗ್ರತೆಯಿಂದ ಒಂದು ಕಾಗದ ಬರೆದೆ. 'ಮಾನ್ಯರೇ, ಶಾಸ್ತ್ರೋಕ್ತವಾಗಿ ಆರಿಸಿದ ಡೇಟಾಬೇಸ್ ಸಾಫ್ಟ್‌ವೇರಿನ ಪ್ರಕಾರ ಸದರಿ ಸಂಗ್ರಹದಲ್ಲಿ ಐವತ್ತೈದು ಪದಕಗಳು ಮಾತ್ರ ಇರುತ್ತವೆ. ಉಳಿದ ಐದು ನಮ್ಮ ತಂದೆಯವರ ಕಾಲದಲ್ಲೇ ವಿಲೇವಾರಿ ಆಗಿರುವ ಸಂಭವವಿರುತ್ತದೆ. ಇದರಲ್ಲಿ ಈ ಕೆಳಗೆ ಸಹಿ ಮಾಡಿರುವವನ ಪಾತ್ರ ಏನೂ ಇರುವುದಿಲ್ಲ.' ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿ, ತಾಳವಾಡಿಗೆ ಹೋಗಿ ಕೈಯಾರೆ ಪೋಸ್ಟ್ ಮಾಡಿ ಬಂದೆ. ಡಬ್ಬಿಯೊಳಗೆ ಕಾಗದ ಬಿತ್ತೋ ಇಲ್ಲವೋ ಎಂದು ತಟ್ಟಿಯೂ ನೋಡಿದೆ.

ಹೇಳಿದ ದಿನ ಡಾಕ್ಟರು ಕಾರಿನಲ್ಲಿ ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಎಪ್ಪತ್ತರ ಹತ್ತಿರದ ವಯಸ್ಸು. ಇವರು ನಿಜವಾಗಿ ಸಂಘದವರೇ ಎಂಬುದಕ್ಕೆ ಏನು ಪುರಾವೆ ಎಂದು ಯೋಚಿಸುತ್ತಿರುವಾಗಲೇ ಅವರು ಕೈ ಕುಲುಕಿದರು. ಗುಟ್ಟಿನ ಕುಲುಕು ಹೇಗಿರುತ್ತದೆಂದು ನನಗೆ ಗೊತ್ತಿದ್ದರಲ್ಲವೇ ಸರಿಯೋ ತಪ್ಪೋ ಹೇಳುವುದು! ಕಾಗದದ ವಿಷಯ ಅವರು ಎತ್ತಲಿಲ್ಲ. ಕಾಫಿ ಕುಡಿಯುತ್ತ ನಾಗಮಣಿಯ ಹತ್ತಿರ ತಮ್ಮದೂ ಬೇಸಾಯದ ಮನೆಯೇ, ತಮ್ಮೂರ ಕಡೆಯೂ ಆನೆ ಕಾಟವಿದೆ ಎಂದೆಲ್ಲ ತಮಿಳಿನಲ್ಲಿ ಮಾತಾಡಿದರು. ಶಿವಮಲ್ಲು ಬಂದ ಮೇಲೆ ಸೀಲನ್ನು ಪರೀಕ್ಷಿಸಿದೆವು. ಮೂರು ಹೆಬ್ಬೆಟ್ಟೂ ಇದ್ದವು, ಒಂದರಲ್ಲಿ ಚರ್ಮವೂ ಇತ್ತು. ಒಡೆದೆವು.

ನಾನು ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಕೂತೆ. ಡಾಕ್ಟರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಮೊದಲ ಡಬ್ಬಿ ತೆರೆದು, ಬಟ್ಟೆ ಬಿಚ್ಚಿ, ಮೊದಲ ಪದಕ ಎತ್ತಿಟ್ಟರು.

"ಲಾಬಂ," ಎಂದರು. "ರೆಂಡು. ಮೂಣು. ನಾಲು..."

ನಾನು ಗೋಡೆ ಬಿಟ್ಟು ಅವರ ಕಡೆ ತಿರುಗಿದೆ. ಈ ಸೀಮೆಯ ಬೇಸಾಯಗಾರರು ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಶುಭವಾಗಲಿ ಎಂದು ಲಾಭ ಎನ್ನುತ್ತೇವೆ, ಆಮೇಲೆ ಎರಡು, ಮೂರು. ನಾಗಮಣಿಯೂ ಹಾಗೇ ಕೂಗಿದ್ದಳು, ಪ್ರತಿ ಡಬ್ಬಿಗೂ ಲಾಭದಿಂದಲೇ ಶುರು. ಮೂವತ್ತು ವರ್ಷ ಗೋಡೌನಿನ ಚೀಟಿಗಳಲ್ಲಿ ಮೊದಲ ಮೂಟೆಗೆ ಲಾಭ ಎಂದೇ ಬರೆದ ನನ್ನ ಬೆರಳುಗಳು ಸಂಖ್ಯೆಯ ಕಲಮ್ಮಿನಲ್ಲಿ ಐದು ಸಲವೂ ಲಾಭ ಎಂದೇ ಬಡಿದಿದ್ದವು. ಅಂಕಿ ಬಿಟ್ಟು ಬೇರೆ ಏನೂ ಸೇರಿಸಕೂಡದೆಂದು ನಾನು ಆಜ್ಞೆ ಕೊಟ್ಟಿದ್ದ ಸಾಫ್ಟ್‌ವೇರ್ ಸದ್ದಿಲ್ಲದೆ ಐದನ್ನೂ ಹಿಡಿದಿತ್ತು.

ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ, ಕಂಪ್ಯೂಟರ್ ಹಚ್ಚಿ, ತಿರಸ್ಕೃತ ಕೋಣೆಯ ಬೀಗ ತೆಗೆದೆ. ಐದು ಲಾಭಗಳು ಸಾಲಾಗಿ ಕೂತು ನನ್ನನ್ನು ನೋಡುತ್ತಿದ್ದವು. ನಾನು ಇಡೀ ತಾಳವಾಡಿ ಸೀಮೆಯನ್ನು ಅನುಮಾನಿಸುತ್ತ ತಿರುಗುತ್ತಿದ್ದಾಗ ಆ ಒಂದು ಸಾಫ್ಟ್‌ವೇರ್ ಮಾತ್ರ ಸರಿಯಾದ ಮನುಷ್ಯನನ್ನು ಅನುಮಾನಿಸಿತ್ತು.

ನಡುಮನೆಗೆ ಬರುವ ಹೊತ್ತಿಗೆ ಎಣಿಕೆ ಮುಗಿದಿತ್ತು. ಅರವತ್ತು. ನಾಗಮಣಿ, ನಾನು ಹೇಳಿರಲಿಲ್ಲವೇ ಎಂಬ ಮುಖವನ್ನೂ ಮಾಡಲಿಲ್ಲ. ಅವಳಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಡಾಕ್ಟರು ಎರಡೂ ಕೈ ಜೋಡಿಸಿ ಅಪ್ಪನ ಪಟದ ಮುಂದೆ ಸ್ವಲ್ಪ ಹೊತ್ತು ನಿಂತರು. ಶಿವಮಲ್ಲು ಟ್ರಂಕನ್ನು ಕಾರಿಗೆ ಹೊತ್ತ.

ಹೊರಡುವಾಗ ಡಾಕ್ಟರು ನನ್ನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಜೇಬಿನಿಂದ ನನ್ನ ಕಾಗದವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಇದನ್ನು ಸಂಘದಲ್ಲಿ ಯಾರಿಗೂ ತೋರಿಸಿಲ್ಲ, ಇದು ನನಗೆ ತಲುಪಲೇ ಇಲ್ಲ ಎಂದುಕೊಳ್ಳಿ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಫಲಕ ನಾಳೆಯೇ ಕೆತ್ತಲು ಕೊಡುತ್ತೇನೆ ಎಂದರು. ನಾನು ಮುಷ್ಟಿ ಬಿಚ್ಚದೆಯೇ ಹೋಗಿ ಕಾರಿನ ಬಾಗಿಲು ತೆಗೆದೆ.

ಕಾರು ಕಣ್ಮರೆಯಾದ ಮೇಲೆ ನೇರವಾಗಿ ಅಡುಗೆಮನೆಗೆ ಹೋದೆ. ಕಾಗದವನ್ನು ನಾಲ್ಕು ಚೂರು ಮಾಡಿ, ಉರಿಯುತ್ತಿದ್ದ ಒಲೆಗೆ ಹಾಕಿ, ಕೋಲಿನಿಂದ ಒಳಕ್ಕೆ ತಳ್ಳಿದೆ. ನಾಗಮಣಿ ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆಯೆತ್ತಿದಳು.

"ಒಲೆಗೇನ್ ಆಕುದ್ರಿ?"

ಹಳೇ ಕಾಗದ ಎಂದೆ. ಅವಳು ಸೊಪ್ಪಿನ ಕಡೆ ತಿರುಗಿದಳು. ಅಷ್ಟೇ. ನಂಬಿಬಿಟ್ಟಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಉರಿಯುವ ಒಲೆಗೇ ಕೈ ಹಾಕಿ ಆ ಚೂರುಗಳನ್ನು ಹೊರಗೆಳೆದು ಓದುತ್ತಿದ್ದೆ.